ಹೂಂ ಎನ್ನಲಾಗದ ಪ್ರಶ್ನೆ

ನರ್ಸಿಂಗ್ ಶಾಲೆಯ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಗುಬ್ಬಿ ಮನೆಗೆ ಬಂದ ದಿನ ಗಿರಣಿಯ ಮುಂದೆ ಚೀಲಗಳ ಸಾಲು ರಸ್ತೆಯವರೆಗೂ ಬೆಳೆದಿತ್ತು. ಅಪ್ಪನಿಗೆ ತಲೆಯೆತ್ತಲೂ ಪುರುಸೊತ್ತಿರಲಿಲ್ಲ. ಬೆಲ್ಟು ಪಟಪಟ ಬಡಿಯುತ್ತಿತ್ತು. ಬಾಗಿಲಿನಿಂದ ಬೀಳುವ ಬಿಸಿಲಿನಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು. ಅವಳು ಹೆಗಲ ಬ್ಯಾಗನ್ನೂ ಇಳಿಸದೆ ಅವನೆದುರು ನಿಂತಳು. ಅವನು ಗಲ್ಲವೆತ್ತಿ, ಆಯಿತೇ ಎಂಬಂತೆ ನೋಡಿದ. ಅವಳು ತಲೆಯಾಡಿಸಿ ಒಳಗೆ ಹೋದಳು. ಪರೀಕ್ಷೆ ಮುಗಿಯಿತು ಎಂದು ಅವಳು ಹೇಳಿದ್ದು. ಪಾಸಾಯಿತು ಎಂದು ಅವನು ತಿಳಿದದ್ದು. ಸಂಜೆಯವರೆಗೂ ಹಿಟ್ಟು ಒಯ್ಯಲು ಬಂದವರಿಗೆಲ್ಲ ಮಗಳು ಗೆದ್ದಳು ಎಂದು ಹೇಳಿ ಕಳಿಸಿದ.

ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೇ ಹಾಗೆ. ಗಿರಣಿ ಮನೆಯ ಮುಂಭಾಗದಲ್ಲಿತ್ತು, ನಡುವೆ ಒಂದೇ ಗೋಡೆ. ಮಿಷನ್ ಓಡುವಾಗ ಯಾರೂ ಪೂರ್ತಿ ವಾಕ್ಯ ಆಡುತ್ತಿರಲಿಲ್ಲ. ಕೇಳುವವರು ಎರಡು ಮಾತಿನಲ್ಲಿ ಕೇಳಬೇಕು, ಹೇಳುವವರು ಹೂಂ ಅನ್ನಬೇಕು ಇಲ್ಲವೇ ತಲೆ ಅಲ್ಲಾಡಿಸಬೇಕು. ಸಣ್ಣಗೆ ಬೀಸಲಾ? ಹೂಂ. ಜರಡಿ ಹಿಡಿಯಲಾ? ಹೂಂ. ಹೀಗೆ ಒಮ್ಮೆ ಕೆಳಗಿನ ಬೀದಿಯ ಬಡಗಿಯ ಹೆಂಡತಿ ಹೂಂ ಅಂದದ್ದಕ್ಕೆ ಅವಳ ಗೋಧಿಯೂ ಪಕ್ಕದವರ ಜೋಳವೂ ಒಟ್ಟಿಗೆ ಬೀಸಿಹೋಗಿ, ಎರಡೂ ಮನೆಯವರು ಹಿಟ್ಟು ಮುಗಿಯುವ ತನಕ ಒಂದೇ ರುಚಿಯ ರೊಟ್ಟಿ ತಿಂದಿದ್ದರು.

ಅಪ್ಪನಿಗಿಂತ ಮುಂಚೆ ಗಿರಣಿ ನಡೆಸಿದವಳು ಅವನ ತಾಯಿ. ಗಂಡ ತೀರಿಕೊಂಡ ಮೇಲೆ ತಾನೇ ಬೆಲ್ಟು ಏರಿಸಿ, ತಾನೇ ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕಿ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಅಷ್ಟರಲ್ಲಿ ಅವಳ ಕಿವಿ ಅರ್ಧ ಹೋಗಿತ್ತು. ಈಗ ಸಕ್ಕರೆ ಕಾಯಿಲೆಯೂ ಸೇರಿಕೊಂಡು, ಹಿಂದಿನ ಕೋಣೆಯ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಯಾರು ಏನು ಕೇಳಿದರೂ ಹೂಂ ಅನ್ನುತ್ತ ಕೂತಿರುತ್ತಿದ್ದಳು.

ಊಟಕ್ಕೆ ಕುಳಿತಾಗ ನಿಜ ಹೊರಬಿತ್ತು. ಅಪ್ಪ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ನಾನು ಊರಿಗೆಲ್ಲ ಹೇಳಿಬಿಟ್ನಲ್ಲೇ."

"ಹೇಳಿ ಅಂತ ನಾನಂದ್ನಾ?"

"ತಲೆ ಆಡಿಸ್ದೆ."

"ಆಯ್ತಾ ಅಂದ್ರಿ. ಆಯ್ತು ಅಂದೆ."

ಅಮ್ಮ ಅನ್ನ ಬಡಿಸುತ್ತ, ಅಪ್ಪನಿಗೂ ಮಗಳಿಗೂ ನಾಲಿಗೆ ಕೊಟ್ಟಿದ್ದು ದಂಡ ಎಂದಳು. ಆಮೇಲೆ ಸೌಟು ಕೆಳಗಿಟ್ಟು, ಹೇಗಾಯಿತು ಎಂದು ಕೇಳಿದಳು.

ಪರೀಕ್ಷೆ ಸುರಕ್ಷಿತ ಆರೈಕೆಯದು. ರೋಗಿಗೆ ತನ್ನ ಕೈಯಿಂದ ಕೇಡಾಗದ ಹಾಗೆ ಹುಡುಗಿ ಕೆಲಸ ಮಾಡುತ್ತಾಳೋ ಇಲ್ಲವೋ ನೋಡುವುದು. ಹಾಸಿಗೆಯ ಮೇಲೆ ರೋಗಿಯ ಹಾಗೆ ಮಲಗಿದ್ದವಳು ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು. ಗುಬ್ಬಿ ಅವಳನ್ನು ಆಪರೇಷನ್‌ಗೆ ಸಿದ್ಧ ಮಾಡಬೇಕಿತ್ತು. ಹೊಟ್ಟೆ ಖಾಲಿ ತಾನೇ ಎಂದು ಕೇಳಿದಳು. ಹೂಂ ಎಂದಳು ಆಕೆ. ಯಾವ ಔಷಧಿಯಿಂದಲೂ ಮೈ ಕಡಿತ ಗಿಡಿತ ಆಗಿಲ್ಲ ತಾನೇ? ಹೂಂ. ಆಪರೇಷನ್ ಬಲಗಾಲಿಗೆ ಅಲ್ವಾ? ಹೂಂ. ಗುಬ್ಬಿ ಎಲ್ಲವನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡು, ಸಿದ್ಧ ಮೇಡಂ ಎಂದಳು. ದಪ್ಪ ಕನ್ನಡಕದ ಪರೀಕ್ಷಕಿ ಎದ್ದು ಬಂದು ಅದೇ ಹೆಂಗಸನ್ನು, ಬೆಳಿಗ್ಗೆ ಏನು ತಿಂದಿರಮ್ಮ ಎಂದು ಕೇಳಿದರು. ಎರಡು ಬನ್ನು, ಒಂದು ಲೋಟ ಟೀ. ನೋವು ಯಾವ ಕಾಲಿಗೆ? ಆಕೆ ಎಡಗಾಲು ಎತ್ತಿ ತೋರಿಸಿದಳು. ಅವಳಿಗೆ ಮೊದಲೇ ಹೇಳಿಕೊಟ್ಟಿದ್ದರು: ಯಾರು ಹೂಂ ಅನ್ನಿಸುವ ಹಾಗೆ ಕೇಳುತ್ತಾರೋ ಅವರಿಗೆಲ್ಲ ಹೂಂ ಅಂತಲೇ ಹೇಳು ಎಂದು.

"ಇವಳು ಹೂಂ ಅಂದ್ಲು ಅಂತ ಬಲಗಾಲು ಕತ್ತರಿಸಿ ಕಳಿಸ್ತಿದ್ದೆ ನೀನು," ಎಂದಿದ್ದರು ಪರೀಕ್ಷಕಿ. "ಹೂಂ ಅನ್ನಕ್ಕಾಗದ ಹಾಗೆ ಕೇಳೋದು ಕಲಿ. ಮುಂದಿನ ತಿಂಗಳು ಇನ್ನೊಂದು ಸಲ ಬಾ."

ಆ ಸಲವೂ ಫೇಲಾದರೆ ಶಾಲೆ ಬಿಡಬೇಕು, ಮೂರನೆಯ ಅವಕಾಶವಿಲ್ಲ. ಅದನ್ನು ಗುಬ್ಬಿ ಕೊನೆಯಲ್ಲಿ, ನೀರು ಕುಡಿಯುತ್ತ ಹೇಳಿದಳು. ಅಪ್ಪ ಎದ್ದು ಕೈ ತೊಳೆದು ಗಿರಣಿಗೆ ಹೋದ. ಬೀಸಲು ಏನೂ ಇಲ್ಲದಿದ್ದರೂ ಮಿಷನ್ ಹಾಕಿ, ಬೆಲ್ಟು ನೋಡುತ್ತ ನಿಂತ. ಮನೆಯಲ್ಲಿ ಮಾತು ಬಿಸಿಯೇರುವ ಸೂಚನೆ ಕಂಡರೆ ಅವನು ಮಾಡುತ್ತಿದ್ದದ್ದು ಅದನ್ನೇ.

ಅಮ್ಮನಿಗೆ ಈ ಸುದ್ದಿ ಬೇರೆಯೇ ರೀತಿಯಲ್ಲಿ ತಟ್ಟಿತ್ತು. ಅವಳ ಅಕ್ಕ ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿದ್ದಳು. ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕು, ಒಂದು ವಾರ ಬಂದಿದ್ದು ಹೋಗೇ ಎಂದು ಮೂರು ಸಲ ಹೇಳಿ ಕಳಿಸಿದ್ದಳು. ಅತ್ತೆ ಮಂಚ ಹಿಡಿದಾಗಿನಿಂದ ಅಮ್ಮ ಒಂದು ರಾತ್ರಿಯೂ ಈ ಮನೆ ಬಿಟ್ಟು ಮಲಗಿದವಳಲ್ಲ. ಬೆಳಿಗ್ಗೆಯ ಗಂಜಿ, ಗಂಜಿಯಾದ ಮೇಲೆ ಸಕ್ಕರೆ ಕಾಯಿಲೆಯ ಸೂಜಿ, ಸ್ನಾನ, ಕಾಲಿನ ಗಾಯಕ್ಕೆ ಪಟ್ಟಿ, ಸಂಜೆ ಮತ್ತೆ ಸೂಜಿ. ಅಪ್ಪ ರಕ್ತ ಕಂಡರೆ ಕಣ್ಣು ಮುಚ್ಚುವವನು. ಸೂಜಿಯ ಡಬ್ಬಿ ತೆರೆದರೆ ಅಂಗಳದಲ್ಲಿ ಇರುತ್ತಿದ್ದ. ಗುಬ್ಬಿ ಪಾಸಾಗಿ ರಜೆಗೆ ಬಂದರೆ ಅಜ್ಜಿಯನ್ನು ಅವಳ ಕೈಗೆ ಒಪ್ಪಿಸಿ ಅಕ್ಕನ ಊರಿಗೆ ಹೋಗುವುದೆಂದು ಅಮ್ಮ ಬಟ್ಟೆ ಕೂಡ ತೆಗೆದಿಟ್ಟಿದ್ದಳು.

"ನೀನು ಹೋಗು. ನಾನೇ ನೋಡ್ಕೊಳ್ತೀನಿ," ಎಂದಳು ಗುಬ್ಬಿ. "ಓದಿದ ಹಾಗೂ ಆಗುತ್ತೆ."

"ಮೊದಲು ನಾನಿರೋವಾಗ ನೋಡ್ಕೊ. ಆಮೇಲೆ ಹೋಗೋ ಮಾತು," ಎಂದಳು ಅಮ್ಮ.

ಮರುದಿನದಿಂದ ಗುಬ್ಬಿಯ ಅಭ್ಯಾಸ ಶುರುವಾಯಿತು. ಅಜ್ಜಿಯೇ ಅವಳ ರೋಗಿ, ಹಿಂದಿನ ಕೋಣೆಯೇ ವಾರ್ಡು. ಬಚ್ಚಲ ಬಾಗಿಲಿನಲ್ಲಿ ಮಡಿಸಿ ಹಾಕುತ್ತಿದ್ದ ಗೋಣಿತಾಟನ್ನು, ಕಾಲು ಸಿಕ್ಕಿ ಬೀಳುತ್ತಾರೆ ಎಂದು ತೆಗೆದು ಬಿಸಾಡಿದಳು. ಅಮ್ಮ ಅದನ್ನು ಸಂಜೆ ತಂದು ಮತ್ತೆ ಹಾಕಿದಳು. ಮಾತ್ರೆಗಳನ್ನೆಲ್ಲ ಒಂದೇ ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತಿದ್ದದ್ದಕ್ಕೆ ಗುಬ್ಬಿ ಮುಖ ಸಿಂಡರಿಸಿದಳು. ಮಂಚದ ಎತ್ತರ, ದೀಪದ ಸ್ವಿಚ್ಚು, ಚಪ್ಪಲಿ ಬಿಡುವ ಜಾಗ, ಯಾವುದೂ ಅವಳಿಗೆ ಸರಿಕಾಣಲಿಲ್ಲ. ಒಂದೊಂದು ತಪ್ಪಿಗೂ ಒಂದೊಂದು ಹೆಸರಿತ್ತು ಅವಳ ಪುಸ್ತಕದಲ್ಲಿ. ಆ ಹೆಸರುಗಳನ್ನು ಕೇಳಿ ಕೇಳಿ ಅಮ್ಮನ ಪಾತ್ರೆ ತೊಳೆಯುವ ಸದ್ದು ದಿನದಿನಕ್ಕೆ ಜೋರಾಯಿತು.

"ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಏನು? ನಿಮ್ಮಜ್ಜಿ ತಮ್ಮ ಪುಣ್ಯದಿಂದ ಬದುಕಿದಾರಾ?"

"ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲಮ್ಮ. ಹೀಗಿದ್ರೆ ಅಪಾಯ ಅಂತ ಹೇಳ್ತಿದೀನಿ."

"ಎರಡೂ ಒಂದೇ. ಬಚ್ಚಲಿಗೆ ನೀರು ತುಂಬು ಹೋಗು."

ಗೋಡೆಯಾಚೆ ಮಿಷನ್ ಶುರುವಾಯಿತು.

ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಆದದ್ದು ಅಜ್ಜಿಗೆ. ಗುಬ್ಬಿ ಈಗ ಹೂಂ ಎನ್ನಲಾಗದ ಹಾಗೆ ಕೇಳುತ್ತಿದ್ದಳು. ನಿದ್ದೆ ಬಂತಾ ಎನ್ನುವುದಿಲ್ಲ. ಎಷ್ಟು ಹೊತ್ತಿಗೆ ಎಚ್ಚರ ಆಯ್ತು ಎನ್ನುತ್ತಾಳೆ. ನೋವಿದೆಯಾ ಎನ್ನುವುದಿಲ್ಲ; ಎಲ್ಲಿ ನೋವು, ಕೈಯಿಟ್ಟು ತೋರಿಸು ಎನ್ನುತ್ತಾಳೆ. ಕಿವಿಯ ಹತ್ತಿರ ಬಂದು, ಬಿಡಿಸಿ ಬಿಡಿಸಿ, ಉತ್ತರ ಬರುವ ತನಕ ನಿಂತೇ ಇರುತ್ತಾಳೆ. ಅಜ್ಜಿ ಮೊದಲ ದಿನ ಎಲ್ಲದಕ್ಕೂ ಹೂಂ ಅಂದಳು. ಎರಡನೆಯ ದಿನ ಗೋಡೆಗೆ ತಿರುಗಿ ಮಲಗಿದಳು. ಮೂರನೆಯ ದಿನ, ನಿನ್ನ ಮದುವೆಯಾಗೋ ಹುಡುಗನ ಗತಿ ನೆನೆಸಿಕೊಂಡರೆ ಅಳು ಬರುತ್ತೆ ಎಂದಳು.

ಆದರೆ ಹಾಗೆ ಕೇಳಿದ್ದರಿಂದ ಒಂದು ವಿಷಯ ಹೊರಬಂತು. ಬೆಳಿಗ್ಗೆ ಗಂಜಿಯಲ್ಲಿ ಎಷ್ಟು ಉಳಿಸಿದೆ, ಉಳಿದದ್ದು ಎಲ್ಲಿ ಹೋಯಿತು ಎಂದು ಗುಬ್ಬಿ ಕೇಳಿದಾಗ ಅಜ್ಜಿ ಕಿಟಕಿಯ ಕಡೆ ಬೆರಳು ಮಾಡಿದಳು. ಕಿಟಕಿಯ ಕೆಳಗೆ ಕೋಳಿಗಳು ಕೊಕ್ಕು ಒರೆಸಿಕೊಳ್ಳುತ್ತ ನಿಂತಿದ್ದವು.

"ಯಾಕಜ್ಜಿ?"

"ಉಪ್ಪಿರಲ್ಲ ಅದರಲ್ಲಿ. ನಿಮ್ಮಮ್ಮನಿಗೆ ಹೇಳಿದ್ರೆ ಬೇಜಾರು ಮಾಡ್ಕೊಳ್ತಾಳೆ. ತಿಂದ್ರಾ ಅಂತಾಳೆ, ಹೂಂ ಅಂತೀನಿ. ಅವಳಿಗೂ ನೆಮ್ಮದಿ, ಕೋಳಿಗೂ ನೆಮ್ಮದಿ."

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ದಿನ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಉಪ್ಪು ಕಡಿಮೆ ಹಾಕಿ ಎಂದದ್ದು ವೈದ್ಯರು, ನಾನಾಗಿ ಕಡಿಮೆ ಮಾಡಿದೆನೇ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಹೂಂ ಅಂದ. ಯಾವುದಕ್ಕೆ ಹೂಂ ಎಂದು ಅವಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

ಅಂದಿನಿಂದ ತಿಂದದ್ದನ್ನು ಕಣ್ಣಾರೆ ನೋಡಿಯೇ ಸೂಜಿ ಹಾಕಬೇಕೆಂದು ಗುಬ್ಬಿ ಮನೆಗೆಲ್ಲ ಕಟ್ಟಳೆ ಮಾಡಿದಳು. ವೈದ್ಯರೂ ಮೊದಲೇ ಅದನ್ನೇ ಹೇಳಿದ್ದರು: ಅಜ್ಜಿಗೆ ಹಸಿವು ಅಷ್ಟಕ್ಕಷ್ಟೇ, ಹೊಟ್ಟೆಗೆ ಬೀಳದೆ ಔಷಧಿ ಬಿದ್ದರೆ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಕೆಲವು ದಿನ ಗುಬ್ಬಿಯೇ ಎದುರು ಕೂತು ತಿನ್ನಿಸಿದಳು. ಅಮ್ಮ ಪಕ್ಕದಲ್ಲಿ ನಿಂತು ನೋಡಿದಳು, ಮಗಳೇ ಔಷಧಿ ಎಳೆದು ಮಗಳೇ ಚುಚ್ಚಿದ್ದನ್ನೂ ನೋಡಿದಳು. ಕೈ ಹಗುರವಾಗಿದೆ ಎಂದು ಅಜ್ಜಿಯ ಬಾಯಿಂದ ಬಂತು. ಅಕ್ಕನಿಗೆ, ಬರುವ ವಾರ ಬರುತ್ತೇನೆ ಎಂದು ಅಮ್ಮ ಫೋನು ಮಾಡಿಸಿದಳು.

ಸಂತೆಯ ದಿನ ಬೆಳಿಗ್ಗೆ ಗಿರಣಿಗೆ ಜನ ಮುತ್ತಿಕೊಂಡಿದ್ದರು. ಅಮ್ಮ ಮುಂದೆ ನಿಂತು ಚೀಲ ತೂಗುತ್ತಿದ್ದಳು. ಗುಬ್ಬಿ ಪುಸ್ತಕ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗುವಾಗ, ನಡುಬಾಗಿಲಿನಿಂದ ಅಮ್ಮನಿಗೆ ಕೇಳುವಷ್ಟು ಕೂಗಿದಳು.

"ಅಜ್ಜಿದು ಗಂಜಿ ಆಯ್ತಾ?"

ಅಮ್ಮ ತಕ್ಕಡಿಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು.

ಅಜ್ಜಿಯ ಮಂಚದ ಪಕ್ಕದಲ್ಲಿ ಖಾಲಿ ಬಟ್ಟಲಿತ್ತು. ಅದು ಹಿಂದಿನ ರಾತ್ರಿಯ ಹಾಲಿನ ಬಟ್ಟಲು. ಗುಬ್ಬಿ ಔಷಧಿ ಎಳೆದು, ಗಾಳಿ ಬಿಟ್ಟು, ಹೊಟ್ಟೆಯ ಚರ್ಮ ಹಿಡಿದು ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೆ ಮಾಡಿದಳು. ತಾನು ಮಾಡಿದ ಕೆಲಸ ತನಗೇ ಮೆಚ್ಚಿಗೆಯಾಗಿ, ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯಲು ಕುಳಿತಳು.

ಅಮ್ಮನಿಗೆ ಕೇಳಿಸಿದ್ದು, ಗಂಜಿ ಒಲೆಯ ಮೇಲೆ ಆಯಿತಾ ಎಂದು. ಆಗಿತ್ತು. ಇಳಿಸಿ ಮುಚ್ಚಿಟ್ಟು ಬಂದಿದ್ದಳು.

ಬಟ್ಟೆ ಹರವಿ ಒಳಗೆ ಬಂದಾಗ ಅಜ್ಜಿ ಮಂಚದ ಅಂಚಿನಲ್ಲಿ ಕೂತು, ಬೆಲ್ಟು ಜಾರುತ್ತಿದೆ, ಬೆಲ್ಟು ಜಾರುತ್ತಿದೆ ಎಂದು ತೀರಿಹೋದ ಗಂಡನನ್ನು ಕರೆಯುತ್ತಿದ್ದಳು. ಹಣೆಯ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಕೈ ನಡುಗುತ್ತಿತ್ತು. ಗುಬ್ಬಿಗೆ ಏನಾಯಿತೆಂದು ಕಂಡ ಕೂಡಲೇ ಗೊತ್ತಾಯಿತು. ಹೇಗಾಯಿತೆಂದು ಗೊತ್ತಾಗಲಿಲ್ಲ. ಅಡುಗೆಮನೆಗೆ ಓಡಿ, ಮುಚ್ಚಿಟ್ಟ ಗಂಜಿಯ ಪಾತ್ರೆ ತುಂಬಿಯೇ ಇರುವುದನ್ನು ನೋಡಿದಾಗ ಅದೂ ಗೊತ್ತಾಯಿತು. ನುಂಗುವ ಶಕ್ತಿ ಇದೆಯೇ ಎಂದು ಮೊದಲು ಒಂದು ಚಮಚ ನೀರು ಕುಡಿಸಿ ನೋಡಿ, ಲೋಟದ ತುಂಬ ಸಕ್ಕರೆ ನೀರು ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಬೆರಳಿಗೆ ಚುಚ್ಚಿ ಮೀಟರು ನೋಡಿದಳು. ಅಮ್ಮ ಬಂದಳು, ಅಪ್ಪ ಬಂದ, ತಕ್ಕಡಿಯ ಮುಂದಿದ್ದ ಹೆಂಗಸರೂ ಬಂದರು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯ ಕಣ್ಣು ತಿಳಿಯಾಯಿತು. ಇಷ್ಟು ಜನ ಯಾಕೆ ಬಂದಿದೀರಿ, ಮಿಷನ್ ಹತ್ರ ಯಾರಿದಾರೆ ಎಂದಳು.

ಬಾಡಿಗೆ ಗಾಡಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಗುಬ್ಬಿಯ ಶಾಲೆ ಇದ್ದದ್ದೂ ಆ ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ. ವೈದ್ಯರು ಅಜ್ಜಿಯ ನಾಡಿ ಹಿಡಿದುಕೊಂಡೇ ಅಮ್ಮನ ಕಡೆ ತಿರುಗಿದರು.

"ಎಂದಿನ ಹಾಗೇ ತಿಂದಿದ್ರು ತಾನೇ?"

ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೂಂ ಅಂದಳು.

ತಿಂದೂ ಹೀಗಾಗಿದ್ದರೆ ಔಷಧಿಯ ಪ್ರಮಾಣ ಹೆಚ್ಚಾಗಿದೆ ಎಂದು ವೈದ್ಯರು ಅದನ್ನು ಅರ್ಧದಷ್ಟಕ್ಕೆ ಇಳಿಸಿ ಬರೆದರು. ಗುಬ್ಬಿ ಗೋಡೆ ನೋಡುತ್ತ ನಿಂತಿದ್ದಳು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಜಗಳ ಶುರುವಾಯಿತು. ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದೆ ಎಂದು ಮಗಳು, ನಿನ್ನನ್ನು ಉಳಿಸಿದ್ದಕ್ಕೆ ಇದಾ ಎಂದು ತಾಯಿ.

"ಅವರೂ ನಿಮ್ಮ ಕನ್ನಡಕದ ಮೇಡಮ್ಮೂ ದಿನಾ ಒಟ್ಟಿಗೆ ಟೀ ಕುಡಿಯೋರು. ಮನೇಲೇ ಅಜ್ಜಿಗೆ ಹೀಗೆ ಮಾಡಿದ್ಲು ಅಂತ ಗೊತ್ತಾದ್ರೆ ನಿನ್ನ ಪರೀಕ್ಷೆಗೆ ಕೂರಿಸ್ತಾರಾ?"

"ನೀನು ತಲೆ ಆಡಿಸ್ದೆ ಅಂತ ನಾನು ಹಾಕಿದ್ದು."

"ನೀನು ಕೇಳಿದ್ದೇನು? ಗಂಜಿ ಆಯ್ತಾ ಅಂತ. ಆಗಿತ್ತು. ಅತ್ತೆ ತಿಂದಿದಾರಾ ಅಂತ ಕೇಳಿದ್ಯಾ? ಅವರನ್ನೇ ಕೇಳಿದ್ಯಾ? ಊರಿಗೆಲ್ಲ ಪಾಠ ಹೇಳೋಳು ನೀನು."

ಗೋಡೆಯಾಚೆ ಮಿಷನ್ ಗುಡುಗಿತು. ಅಮ್ಮ ಸೂಜಿಯ ಡಬ್ಬಿಯನ್ನು ಎತ್ತಿ ತನ್ನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅಕ್ಕನ ಊರಿಗೆಂದು ತೆಗೆದಿಟ್ಟಿದ್ದ ಬಟ್ಟೆಗಳೂ ಅದರಡಿಗೆ ಹೋದವು.

ಆಮೇಲಿನ ದಿನಗಳಲ್ಲಿ ಮನೆ ಒಂದು ಕಡೆ ಕೂರಲಿಲ್ಲ. ಅಮ್ಮ ಒಲೆಯ ಮುಂದೆ ನಿಂತವಳು ಮತ್ತೆ ಮತ್ತೆ ಹಿಂದಿನ ಕೋಣೆಗೆ ಹೋಗಿ ಇಣುಕುತ್ತಿದ್ದಳು. ಅಪ್ಪ ಬೀಸುತ್ತ ಬೀಸುತ್ತ ಎರಡು ಸಲ ಒಬ್ಬರ ಹಿಟ್ಟನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿದ. ಗುಬ್ಬಿ ಪುಸ್ತಕ ತೆರೆದು ಒಂದೇ ಪುಟದಲ್ಲಿ ಕೂತಿರುತ್ತಿದ್ದಳು. ಅಜ್ಜಿಗೆ ಬಾಯಾರಿಕೆ ಹೆಚ್ಚಾಯಿತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಅಷ್ಟೇ ಸಲ ಬಚ್ಚಲಿಗೆ ಎದ್ದು ಹೋಗುತ್ತಿದ್ದಳು. ಕಾಲಿನ ಗಾಯದ ಅಂಚು ಮತ್ತೆ ಕೆಂಪಾಗಿತ್ತು. ಮೀಟರಿನ ಅಂಕಿಯನ್ನು ಅಮ್ಮನೂ ನೋಡಿದಳು, ಗುಬ್ಬಿಯೂ ನೋಡಿದಳು. ಔಷಧಿ ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು. ವೈದ್ಯರಿಗೆ ಹೇಳಬೇಕೆಂದರೆ ಅಮ್ಮ ಅಂದ ಆ ಹೂಂನಿಂದಲೇ ಶುರುಮಾಡಬೇಕು. ಪರೀಕ್ಷೆ ಆಗಲಿ, ಆಮೇಲೆ ಏನಾದರೂ ಹೇಳಿದರಾಯಿತು ಎಂದಳು ಅಮ್ಮ. ಹಾಗೆ ಅಂದವಳು ಅತ್ತೆಯ ಪಾದ ಒರೆಸುವಾಗ ಅವರ ಮುಖ ನೋಡುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಗುಬ್ಬಿ, ನಾನು ಹೋಗಲ್ಲ ಎಂದಳು. ಅಪ್ಪ ಎದ್ದ. ಈ ಸಲ ಅಮ್ಮ ಅವನ ದಾರಿಗೆ ಅಡ್ಡ ನಿಂತಳು.

"ಮಿಷನ್ ಹಾಕಬೇಡಿ. ಕೂತ್ಕೊಂಡು ಕೇಳಿ."

ಅವನು ಕೂತ. ತನ್ನಂಥವಳು ವಾರ್ಡಿನಲ್ಲಿದ್ದರೆ ಅಜ್ಜಿಯಂಥವರು ಎಷ್ಟು ಜನ ಸಾಯಬೇಕು ಎಂದು ಗುಬ್ಬಿ ಕೇಳಿದಳು. ಅದು ಹೂಂ ಅನ್ನುವ ಪ್ರಶ್ನೆಯಾಗಿರಲಿಲ್ಲ, ಅಪ್ಪ ಉತ್ತರ ಹುಡುಕಿದ. ಕೊನೆಗೆ ಅವನೆಂದದ್ದು ಇಷ್ಟೇ: ಗೋಧಿಗೆ ಜೋಳ ಬೆರೆಸಿಬಿಟ್ಟೆ ಅಂತ ಗಿರಣಿ ಮುಚ್ಚಿದ್ರೆ ಊರಿನವರು ಕಾಳು ತಿನ್ನಬೇಕಿತ್ತು. ಅಮ್ಮ, ಇದು ಹಿಟ್ಟಿನ ವಿಷಯ ಅಲ್ಲ ಎಂದಳು. ಅಲ್ಲ ಎಂದು ಅವನೂ ಒಪ್ಪಿದ. ಆದರೂ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಅವನೇ ಗುಬ್ಬಿಯ ಬ್ಯಾಗು ಹಿಡಿದು ರಸ್ತೆಗೆ ನಡೆದಿದ್ದ. ಅವಳು ಹಿಂದೆ ಹೋದಳು.

ಪರೀಕ್ಷೆಯ ಕೋಣೆಯಿಂದ ಹೊರಬಂದ ಹುಡುಗಿಯರು ಒಳಗೆ ಹೋಗುವವರಿಗೆ ಪಿಸುಗುಟ್ಟುತ್ತಿದ್ದರು: ಹಾಸಿಗೆಯ ಕಡೆ ಎಲ್ಲ ಸುಲಭ, ಕೊನೆಯಲ್ಲಿ ಒಂದು ಮಾತು ಕೇಳುತ್ತಾರೆ, ಸುಮ್ಮನೆ ತಲೆಯಾಡಿಸಿ ಬಂದುಬಿಡು.

ಹಾಸಿಗೆಯ ಕಡೆ ನಿಜಕ್ಕೂ ಸುಲಭವಾಯಿತು. ಅದೇ ಬಟ್ಟೆ ಒಗೆಯುವ ಹೆಂಗಸು ಮಲಗಿದ್ದಳು. ಗುಬ್ಬಿ ಅವಳ ಬಾಯಿಂದ ಬನ್ನನ್ನೂ ಟೀಯನ್ನೂ ಹೊರಡಿಸಿದಳು. ಒಂದು ಮಾತ್ರೆಯಿಂದ ಮೈಯೆಲ್ಲ ದದ್ದು ಎದ್ದಿತ್ತೆಂಬುದನ್ನೂ, ನೋವಿನ ಕಾಲು ಯಾವುದೆಂಬುದನ್ನೂ ಕೇಳಿ ತಿಳಿದಳು. ಅದು ಇವತ್ತು ಬಲಗಾಲಾಗಿತ್ತು. ಆಕೆ, ಈ ಸಲ ಚೆನ್ನಾಗಿ ಕೇಳ್ತಿದೀಯಮ್ಮ ಎಂದು ಹೊದಿಕೆಯೊಳಗಿಂದ ಮೆಲ್ಲಗೆ ಹೇಳಿದಳು.

ಪರೀಕ್ಷಕಿ ಅಂಕದ ಹಾಳೆಯಲ್ಲಿ ಬರೆಯುತ್ತ ಬರೆಯುತ್ತ, ತಲೆಯೆತ್ತದೆ ಕೇಳಿದರು.

"ಇಲ್ಲಿವರೆಗೆ ನಿನ್ನ ಕೈಯಿಂದ ಯಾರಿಗೂ ತೊಂದರೆ ಆಗಿಲ್ಲ ತಾನೇ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬಾಗಿಲ ಹತ್ತಿರ ಮುಂದಿನ ಹುಡುಗಿ ಆಗಲೇ ಬಂದು ನಿಂತಿದ್ದಳು. ಗುಬ್ಬಿಯ ತಲೆ ಅರ್ಧ ಬಾಗಿತ್ತು ಕೂಡ.

"ಆಗಿದೆ ಮೇಡಂ. ನಮ್ಮಜ್ಜಿಗೆ."

ಪೆನ್ನು ನಿಂತಿತು. ಗುಬ್ಬಿ ಹೇಳಿದಳು: ಸಂತೆಯ ದಿನ, ನಡುಬಾಗಿಲು, ತಾನು ಕೇಳಿದ ಮಾತು, ಯಾರನ್ನು ಕೇಳಬೇಕಿತ್ತೋ ಅವರನ್ನು ಬಿಟ್ಟು ಯಾರನ್ನು ಕೇಳಿದ್ದು, ಹಳೆಯ ಬಟ್ಟಲು. ವೈದ್ಯರ ಮುಂದೆ ಮನೆಯವರು ಹೂಂ ಎಂದಾಗ ತಾನೂ ಸುಮ್ಮನೆ ನಿಂತದ್ದನ್ನು ಹೇಳಿದಳು. ಅಮ್ಮ ಎಂಬ ಮಾತು ಅಲ್ಲಿ ಬರದ ಹಾಗೆ ನೋಡಿಕೊಂಡಳು.

"ಈಗ ಅಜ್ಜಿ ಹೇಗಿದಾರೆ?"

"ಔಷಧಿ ಸಾಲ್ತಾ ಇಲ್ಲ. ಗಾಯ ಮತ್ತೆ ಕೆಂಪಾಗಿದೆ."

"ಡಾಕ್ಟರಿಗೆ ಯಾವಾಗ ಹೇಳ್ತೀಯ?"

"ಇವತ್ತು."

"ಕೆಳಗೇ ಕೂತಿದಾರೆ. ಹೋಗಿ ಹೇಳಿ ಬಾ. ಅಂಕ ಆಮೇಲೆ ಹಾಕ್ತೀನಿ."

ವೈದ್ಯರ ಕೋಣೆಯ ಮುಂದೆ ಬೆಂಚು ತುಂಬಿತ್ತು. ಸಮವಸ್ತ್ರ ಹಾಕಿದವಳೆಂದು ಜನ ದಾರಿ ಬಿಟ್ಟರೂ ಗುಬ್ಬಿ ಒಳಗೆ ನುಗ್ಗದೆ ಸಾಲಿನಲ್ಲೇ ನಿಂತಳು; ನಿಂತಷ್ಟು ಹೊತ್ತು ಕಾಲು ಬದಲಿಸುತ್ತಲೇ ಇದ್ದಳು. ವೈದ್ಯರು ಪೂರ್ತಿ ಕೇಳಿಸಿಕೊಂಡು, ಮುಂದಿದ್ದ ರೋಗಿಗಳ ಎದುರೇ ಚೆನ್ನಾಗಿ ಬೈದರು. ತಿಂದಿರಲಿಲ್ಲ ಅಂತ ಅವತ್ತೇ ಹೇಳಿದ್ದರೆ ನಾನು ಔಷಧಿಗೆ ಕೈಯೇ ಹಾಕುತ್ತಿರಲಿಲ್ಲವಲ್ಲ ಎಂದರು. ಹಳೆಯ ಪ್ರಮಾಣವನ್ನೇ ಮತ್ತೆ ಬರೆದು, ನಾಳೆ ಅಜ್ಜಿಯನ್ನು ಕರೆತಂದು ಗಾಯ ತೋರಿಸಲು ಹೇಳಿದರು.

ಮಹಡಿ ಹತ್ತಿ ಬಂದಾಗ ಕೋಣೆ ಖಾಲಿಯಾಗಿತ್ತು. ಪರೀಕ್ಷಕಿ ಕನ್ನಡಕ ಒರೆಸುತ್ತ ಕೂತಿದ್ದರು. ಪಾಸು ಎಂದರು. ಗುಬ್ಬಿಗೆ ಅದು ನೆಟ್ಟಗೆ ಕಿವಿಗೆ ಬೀಳುವ ಮೊದಲೇ ಇನ್ನೊಂದು ಮಾತು ಸೇರಿಸಿದರು. ಕೋರ್ಸು ಮುಗಿಯುವವರೆಗೆ ವಾರ್ಡಿನಲ್ಲಿ ಹಿರಿಯ ನರ್ಸುಗಳ ಕಣ್ಣೆದುರಲ್ಲದೆ ಬೇರೆ ಎಲ್ಲೂ, ಮನೆಯಲ್ಲೂ, ಅವಳು ಸೂಜಿ ಮುಟ್ಟಬಾರದು.

"ಮನೇಲಿ ಸೂಜಿ ಹಾಕೋಕೆ ಬರೋರು ಯಾರ್ಯಾರು?"

"ಅಮ್ಮ."

"ಅವರಿಗೆ ಜ್ವರ ಬಂದ್ರೆ?"

ಬಸ್ಸಿನುದ್ದಕ್ಕೂ ಗುಬ್ಬಿ ಆ ಪ್ರಶ್ನೆಗೆ ಉತ್ತರ ಹುಡುಕಿದಳು. ಉತ್ತರ ಒಂದೇ ಇತ್ತು.

ಮನೆಯಲ್ಲಿ ಅವಳು ಈ ಸಲ ಮಿಷನ್ ನಿಲ್ಲಿಸಿ ಹೇಳಿದಳು, ಪಾಸಾದೆ ಎಂದು ಮೂರು ಅಕ್ಷರ ಬಿಡಿಸಿ. ಅಪ್ಪ ನಂಬದೆ ಇನ್ನೊಂದು ಸಲ ಹೇಳಿಸಿದ. ವೈದ್ಯರಿಗೆ ಹೇಳಿದ್ದನ್ನು ಕೇಳಿ ಅಮ್ಮ, ನನ್ನ ಹೆಸರು ಬಂತಾ ಎಂದು ಕೇಳಿದಳು. ಇಲ್ಲ ಎಂದಳು ಗುಬ್ಬಿ. ನಾಳೆ ಗಾಯ ತೋರಿಸೋಕೆ ಹೋದಾಗ ನಾನೇ ಹೇಳ್ತೀನಿ ಎಂದು ಅಮ್ಮ ಎದ್ದು, ಚೀಟಿಯನ್ನು ಬೆಳಕಿಗೆ ಹಿಡಿದು ಹಳೆಯ ಪ್ರಮಾಣವನ್ನು ಓದಿಕೊಂಡಳು. ಆಮೇಲೆ ಗುಬ್ಬಿ ಸೂಜಿಯ ವಿಷಯ ಹೇಳಿದಳು. ಅಮ್ಮನ ಕಣ್ಣು ಪೆಟ್ಟಿಗೆಯ ಕಡೆ ಹೋಗಿ ಬಂತು.

"ಹಾಗಾದ್ರೆ ಅಕ್ಕನ ಕಣ್ಣು ಮುಂದಿನ ವರ್ಷ," ಎಂದಳು.

"ಅಪ್ಪ ಹಾಕಲಿ," ಎಂದಳು ಗುಬ್ಬಿ.

ಅಪ್ಪ ಬಾಗಿಲ ಕಡೆ ನೋಡಿದ. ಅವನಿಗೆ ಆಗಲ್ಲ ಎಂದು ಅವನಿಗಿಂತ ಮೊದಲು ಅಮ್ಮನೇ ಹೇಳಿದಳು. ಅಜ್ಜಿಗೆ ಯಾರೂ ಕೂಗಿ ಹೇಳಿರಲಿಲ್ಲ. ಮುಖಗಳನ್ನು ನೋಡಿಯೇ ಅವಳಿಗೆ ತಿಳಿದಿತ್ತು.

"ಇವರಪ್ಪ ಹೋದಾಗ ನನಗೂ ಮಿಷನ್ ಮುಟ್ಟಕ್ಕೆ ಹೆದರಿಕೆ ಇತ್ತು," ಎಂದಳು ಮಂಚದ ಮೇಲಿಂದ.

ಮರುದಿನ ಗಾಯ ತೋರಿಸಿಕೊಂಡು ಬಂದರು. ಅಮ್ಮ ಹೇಳಬೇಕಾದ್ದನ್ನು ಹೇಳಿ, ಮಗಳ ಪಾಲಿನದಕ್ಕಿಂತ ಸ್ವಲ್ಪ ಕಡಿಮೆ ಬೈಸಿಕೊಂಡಳು. ಆ ವಾರವೆಲ್ಲ ಅಪ್ಪ ಅಮ್ಮನ ಪಕ್ಕದಲ್ಲಿ ನಿಂತು ಸೂಜಿ ಹಾಕುವುದನ್ನು ಕಲಿತ. ಮೊದಲ ಸಲ ಸೂಜಿ ಕಂಡು ಕಂಬ ಹಿಡಿದುಕೊಂಡ. ಮೂರನೆಯ ಸಲ ಕಣ್ಣು ತೆರೆದಿದ್ದ. ಅಮ್ಮ ಹೊರಡುವ ದಿನ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಗು ಕಟ್ಟೆಯ ಮೇಲಿತ್ತು, ಅವಳು ಅದರ ಪಕ್ಕದಲ್ಲಿ ಕೂರದೆ ಅಂಗಳದಲ್ಲಿ ಅಡ್ಡಾಡುತ್ತಿದ್ದಳು. ಒಳಗೆ ಗುಬ್ಬಿ ಕೈಕಟ್ಟಿ ಗೋಡೆಗೆ ಒರಗಿದ್ದಳು. ಅಪ್ಪ ತೋಳಿನವರೆಗೆ ಹಿಟ್ಟು ತೊಳೆದುಕೊಂಡು ಬಂದು ತಾಯಿಯ ಎದುರು ಮೊಣಕಾಲೂರಿ ಕೂತ. ಮಿಷನ್ ನಿಂತಿದ್ದರಿಂದ ಮನೆಯಲ್ಲಿ ಅವನ ಉಸಿರು ಕೂಡ ಕೇಳುತ್ತಿತ್ತು.

"ಅಮ್ಮ," ಎಂದ ಅವನು, ಅವಳ ಕಿವಿಯ ಹತ್ತಿರ ಬಾಯಿಟ್ಟು, "ಬೆಳಿಗ್ಗೆಯಿಂದ ಏನೇನು ತಿಂದೆ? ಒಂದೊಂದೇ ಹೇಳು."

ಅಜ್ಜಿ ಹೇಳತೊಡಗಿದಳು. ಯಾವ ಅವಸರವೂ ಇಲ್ಲದೆ, ಗಂಜಿಯಲ್ಲಿ ಉಪ್ಪು ಎಷ್ಟಿತ್ತೆಂಬಲ್ಲಿಂದ ಶುರುಮಾಡಿದಳು.

ಹೊರಗೆ ಗೋಧಿಯ ಚೀಲ ಹೊತ್ತು ಬಂದ ಬಡಗಿ, ಮುಚ್ಚಿದ ಗಿರಣಿಯನ್ನು ನೋಡಿ, ಈ ಹೊತ್ತಿನಲ್ಲಿ ಮಿಷನ್ ಯಾಕೆ ಹಾಕಿಲ್ಲ ಎಂದು ಅಮ್ಮನನ್ನು ಕೇಳಿದ.

"ಸ್ವಲ್ಪ ಕೂತಿರಿ," ಎಂದಳು ಅಮ್ಮ. "ಒಳಗೆ ಅವರ ಪರೀಕ್ಷೆ ನಡೀತಾ ಇದೆ."